ಜಾಗದ ಬ್ರೋಕರರಿಗೆ ಕಾಸರಗೋಡಿನಲ್ಲಿ ಒಂದು ಸಂಘ: ಬೇರೆ ಕಡೆಯ ಚರಿತ್ರೆ ನೋಡಿ ಮಾತಾಡೋಣ

ಕುಂಬಳೆ ಬಯಲು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆ ಜಾಗದ ವ್ಯವಹಾರ ಮಾಡಿಸುವವನು. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಇದೇ ಕೆಲಸ.

ಈ ಕೆಲಸ ಮಾಡುವ ನಾವೆಲ್ಲ ಸೇರಿ ಒಂದು ಸಂಘ ಕಟ್ಟಬೇಕು ಅಂತ ನನ್ನ ಆಸೆ. ಊರಿನ ಕೆಲವು ಬ್ರೋಕರರ ಹತ್ತಿರ ಮಾತೆತ್ತಿದೆ. ಎಲ್ಲರೂ ಹೂಂ ಅಂದರು. ಆದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬಂದದ್ದು ಒಂದೇ ಮಾತು: "ಸಂಘ ಆದರೆ ಕಮಿಷನ್ ಇಷ್ಟೇ ಅಂತ ಗಟ್ಟಿ ಮಾಡಬಹುದು. ಹೊರಗಿನವರು ಬಂದು ನಮ್ಮ ಹೊಟ್ಟೆಗೆ ಹೊಡೆಯುವುದು ನಿಲ್ಲುತ್ತದೆ." ನನಗೆ ಇದು ಸರಿ ಕಾಣಲಿಲ್ಲ. ಬೇರೆ ಕಡೆ ಇಂಥ ಸಂಘಗಳು ಹೇಗೆ ಹುಟ್ಟಿದವು, ಎಲ್ಲಿ ಎಡವಿದವು ಅಂತ ಓದಿ ನೋಡಿದೆ. ಓದಿದ್ದನ್ನು ಇಲ್ಲಿ ಹಾಕುತ್ತೇನೆ, ನೀವೂ ಹೇಳಿ.

ಈ ವಿಷಯದಲ್ಲಿ ಉದ್ದದ ಚರಿತ್ರೆ ಇರುವುದು ಅಮೆರಿಕದಲ್ಲಿ. ಅಲ್ಲಿ ಮೊದಲು ಊರೂರಿನಲ್ಲಿ ಸಣ್ಣ ಮಂಡಳಿಗಳು ಹುಟ್ಟಿದವು. ಚಿಕಾಗೊದಲ್ಲಿ 1883ಕ್ಕೇ ಒಂದು ಇತ್ತು. 1908ರ ಮೇ ತಿಂಗಳಲ್ಲಿ ಅಂಥ 19 ಮಂಡಳಿಗಳ ಕಡೆಯಿಂದ 120 ಮಂದಿ ಚಿಕಾಗೊದಲ್ಲಿ ಸೇರಿ ದೇಶಕ್ಕೆಲ್ಲ ಒಂದು ಸಂಘ ಮಾಡಿದರು. ಆಗ ಅಲ್ಲಿ ಈ ಕೆಲಸಕ್ಕೆ ಲೈಸೆನ್ಸು ಅಂತ ಏನೂ ಇರಲಿಲ್ಲ. ಯಾರು ಬೇಕಾದರೂ ಒಂದು ಬೋರ್ಡು ನೇತುಹಾಕಿ ಕೂತುಕೊಳ್ಳಬಹುದಿತ್ತು. ನಮ್ಮಲ್ಲಿ ಈಗ ಇರುವ ಹಾಗೆಯೇ ಅಲ್ವಾ? ಐದು ವರ್ಷ ಆದ ಮೇಲೆ, 1913ರಲ್ಲಿ, ಅವರು ಒಂದು ನಡತೆ ಸಂಹಿತೆ ಬರೆದರು. ಜಾಗದ ವಿಷಯದಲ್ಲಿ ಗೊತ್ತಿರುವುದನ್ನು ಮುಚ್ಚಿಡಬಾರದು, ಗಿರಾಕಿಯ ಹಿತ ನೋಡಬೇಕು, ಸದಸ್ಯರು ತಮ್ಮೊಳಗಿನ ತಕರಾರನ್ನು ಮಂಡಳಿಯಲ್ಲೇ ತೀರಿಸಿಕೊಳ್ಳಬೇಕು, ಇಂಥವು.

ಸಂಘಕ್ಕೆ ಬೆಲೆ ಬಂದದ್ದು ಆ ಸಂಹಿತೆಯಿಂದ ಅಂತ ನನಗೆ ಅನಿಸುತ್ತದೆ. ತಪ್ಪು ಮಾಡಿದ ಸದಸ್ಯನನ್ನು ಹೊರಗೆ ಹಾಕುವ ಅಧಿಕಾರ ಇಲ್ಲದ ಸಂಘ ನಮಗೆ ಬೇಡ. ನೀವೇನು ಹೇಳುತ್ತೀರಿ?

ಉಪ್ಪಳ ಶಾರ್ಜಾ

ಅಣ್ಣ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ನನ್ನ ಅನುಭವ ಕೇಳಿ.

ಊರಿಗೆ ಬಂದಾಗ ಮನೆ ಕಟ್ಟಲು 15 ಸೆಂಟ್ಸ್ ಜಾಗ ತೆಗೆದುಕೊಂಡೆ. ತೋರಿಸಿದವರು ಕಾರು ನೇರ ಜಾಗದ ಒಳಗೇ ಓಡಿಸಿದರು. ಕೆಂಪು ಮಣ್ಣಿನ ದಾರಿ, ಎರಡು ಬದಿ ಮುರಕಲ್ಲಿನ ಕಟ್ಟೆ, ಲಾರಿ ಬರುವಷ್ಟು ಅಗಲ. ನಾನು ರಜೆ ಮುಗಿಯುವ ಗಡಿಬಿಡಿಯಲ್ಲಿ ರಿಜಿಸ್ಟ್ರಿ ಮಾಡಿಸಿ ವಾಪಸ್ ಹೋದೆ. ಮನೆ ಕೆಲಸ ಶುರು ಮಾಡುವಾಗ ಪಕ್ಕದ ಜಾಗದವರು ದಾರಿಗೆ ಅಡ್ಡ ಬೇಲಿ ಹಾಕಿದರು. ನೋಡಿದರೆ ಆ ದಾರಿ ಅವರ ಪಟ್ಟೆ ಜಾಗದಲ್ಲಿ, ಅಂದರೆ ಅವರ ಸ್ವಂತ ಹಕ್ಕಿನ ಜಾಗದಲ್ಲಿ ಇದೆ. ನನ್ನ ದಸ್ತಾವೇಜಿನಲ್ಲಿ ದಾರಿಯ ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ. ಜಾಗ ತೋರಿಸಿದವರನ್ನು ಕೇಳಿದರೆ, "ನಾನು ಜಾಗ ತೋರಿಸಿದ್ದು, ದಾರಿ ಮಾರಿದ್ದಲ್ಲ" ಅಂದರು. ಕಮಿಷನ್ ಮಾತ್ರ ರಿಜಿಸ್ಟ್ರಿ ದಿನವೇ ಪೂರ್ತಿ ಕೈಗೆ ಹೋಗಿತ್ತು.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯ್ತು. ಮಾರಿದವರಿಗೆ ಸೆಂಟ್ಸಿಗೆ ಹೇಳಿದ ಬೆಲೆ ಬೇರೆ, ನನಗೆ ಹೇಳಿದ ಬೆಲೆ ಬೇರೆ. ನಡುವಿನ ದುಡ್ಡು ಎಲ್ಲಿಗೆ ಹೋಯ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಂಥವರೇ ಸೇರಿ ಸಂಘ ಮಾಡಿದರೆ ನಮಗೆ ಏನು ಪ್ರಯೋಜನ? ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುತ್ತಾರೆ, ಅಷ್ಟೇ. ಬೇಸರದಿಂದ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಕುಂಬಳೆ ಬಯಲು

ತಪ್ಪು ತಿಳಿಯುವುದಿಲ್ಲ. ನೀವು ಹೇಳಿದ ಎರಡೂ ನಮ್ಮ ಕಡೆ ದಿನಾ ನಡೆಯುತ್ತವೆ. ಅದಕ್ಕೇ ಈ ಮಾತು ಎತ್ತಿದ್ದು.

ಮುಳ್ಳೇರಿಯ ಮಾಷ್ಟ್ರು

ನಿವೃತ್ತ ಅಧ್ಯಾಪಕ ನಾನು. ಬ್ರೋಕರ್ ಕೆಲಸ ಗೊತ್ತಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಜಾಗದ ಕಡತ ಯಾಕೆ ಇಷ್ಟು ಗೋಜಲು ಅಂತ ಗೊತ್ತಿಲ್ಲದೆ ಸಂಘ ಕಟ್ಟಿದರೆ, ಅದು ತಿರುವನಂತಪುರದ್ದೋ ಬೆಂಗಳೂರಿನದ್ದೋ ನಕಲು ಆಗುತ್ತದೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಇಂಗ್ಲಿಷರ ಕೈಗೆ ಬಂತು. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಲೆಕ್ಕ ನೋಡಿದ. ಇಲ್ಲಿ ಭೂಮಿ ರೈತರ ಸ್ವಂತದ್ದು, ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೆ ಬಿಟ್ಟುಹೋಗುತ್ತಾರೆ ಅಂತ ಅವನಿಗೆ ಕಂಡಿತು. ಅಂದರೆ ನಮ್ಮಲ್ಲಿ ಜಾಗ ಕೊಳ್ಳುವುದು ಮಾರುವುದು ಬ್ರಿಟಿಷರು ತಂದದ್ದಲ್ಲ. ತೀರ್ವೆ, ಅಂದರೆ ಭೂಕಂದಾಯ ಕಟ್ಟುವವನು ವರ್ಗದಾರ. ಅವನ ಕೈಕೆಳಗೆ ಗೇಣಿಯವರು. ಮೂಲಗೇಣಿ ಅಂದರೆ ಗೇಣಿ ಏರಿಸುವ ಹಾಗಿಲ್ಲ, ತಲೆಮಾರಿನಿಂದ ತಲೆಮಾರಿಗೆ ಬರುವ ಹಕ್ಕು. ಚಾಲಗೇಣಿಗೆ ಅಂಥ ಭದ್ರತೆ ಇಲ್ಲ, ವರ್ಷ ವರ್ಷ ಒಡೆಯನ ಮರ್ಜಿ.

ಆಮೇಲೆ 1956ರ ನವೆಂಬರ್ 1 ಬಂತು. ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ಕೇರಳಕ್ಕೆ ಹೋಯ್ತು. ಶ್ಯಾನುಭೋಗರು ಕನ್ನಡದಲ್ಲಿ ಬರೆದ ಲೆಕ್ಕವೂ ಜೊತೆಗೇ ಹೋಯ್ತು. ಕೇರಳದ ಭೂಸುಧಾರಣೆ ಕಾಯ್ದೆ 1963ರದ್ದು. ಆದರೆ ಒಡೆಯರ ಹಕ್ಕು ಸರ್ಕಾರಕ್ಕೆ ಹೋಗಿ ಗೇಣಿದಾರರಿಗೆ ಸಿಗುವ ಹಾಗಾದದ್ದು 1970ರ ಜನವರಿ 1ರಿಂದ. ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟೇ ಇವತ್ತು ಎಷ್ಟೋ ಮನೆಗಳ ಮೂಲ ದಾಖಲೆ. ಹಾಗಾಗಿ ಒಂದೇ ತೋಟಕ್ಕೆ ಕನ್ನಡದ ಹಳೇ ಮೂಲಗೇಣಿ ಪತ್ರ, ಟ್ರಿಬ್ಯೂನಲ್ಲಿನ ಸರ್ಟಿಫಿಕೇಟು, ಮಲಯಾಳದ ಹೊಸ ದಸ್ತಾವೇಜು, ಮೂರೂ ಇರುತ್ತವೆ. ಮೂರನ್ನೂ ಒಬ್ಬನೇ ಓದಿ ಹೊಂದಿಸಿ ನೋಡುವುದು ಅಪರೂಪ ಆಗಿಬಿಟ್ಟಿದೆ.

ಇನ್ನು ಕುಮ್ಕಿ. ಇದು ನಮ್ಮ ಹಳೇ ದಕ್ಷಿಣ ಕನ್ನಡದ ಕಡೆ ಮಾತ್ರ ಇರುವ ಪದ್ಧತಿ. ವರ್ಗ ಜಾಗದ ಸುತ್ತ 100 ಗಜದ ಒಳಗಿನ ಸರ್ಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ ತರುವ, ದನ ಮೇಯಿಸುವ ಸವಲತ್ತು ವರ್ಗದಾರನಿಗೆ ಇತ್ತು. ಸವಲತ್ತು ಮಾತ್ರ, ಒಡೆತನ ಅಲ್ಲ. ಆದರೆ ಜಾಗ ತೋರಿಸುವಾಗ "ಎರಡು ಎಕ್ರೆ ಪಟ್ಟೆ, ಮೇಲೆ ಒಂದು ಎಕ್ರೆ ಕುಮ್ಕಿ" ಅಂತ ಸೇರಿಸಿ ಬೆಲೆ ಹೇಳುವವರು ಇದ್ದಾರೆ. ಕುಮ್ಕಿಯನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಕೊಂಡವನು ಸರ್ಕಾರಿ ಜಾಗಕ್ಕೆ ದುಡ್ಡು ಕೊಟ್ಟ ಹಾಗೆ ಆಗುತ್ತದೆ.

ನಿಮ್ಮ ಸಂಘ ಏನೂ ಮಾಡದಿದ್ದರೂ ಸರಿ, ಕುಮ್ಕಿಯನ್ನು ಬೆಲೆಗೆ ಸೇರಿಸುವವನನ್ನು ಸದಸ್ಯನಾಗಿ ಇಟ್ಟುಕೊಳ್ಳಬಾರದು.

ಅಡಿಕೆ ತೋಟ ನೀರ್ಚಾಲು

ಮಾಷ್ಟ್ರೇ, ಬಹಳ ಉಪಕಾರ. ನಮ್ಮ ಮನೆಯ ಕಪಾಟಿನಲ್ಲಿ ಅಜ್ಜನ ಕಾಲದ ಕನ್ನಡ ಕಾಗದಗಳು ಇವೆ. ಒಂದು ಭಾಗ ಮಾರುವ ಎಂದು ಹೊರಟಾಗ ಬಂದ ಬ್ರೋಕರ್ "ಇದೆಲ್ಲ ಹಳತು, ಬೇಡ, ತೀರ್ವೆ ರಶೀದಿ ಸಾಕು" ಅಂದರು. ನನಗೆ ಧೈರ್ಯ ಬರಲಿಲ್ಲ. ಮಾರಾಟ ನಿಲ್ಲಿಸಿದೆ.

ಒಂದು ಪ್ರಶ್ನೆ. ಬ್ರೋಕರರಿಗೆ ರೇರಾ ಅಂತ ಕಾಯ್ದೆ ಬಂದಿದೆ ಅಂತಾರಲ್ಲ, ಅದು ಇದ್ದ ಮೇಲೆ ಸಂಘ ಯಾಕೆ?

ಹೊಸಂಗಡಿ ವಕೀಲೆ

ಈ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಜನರಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ರೇರಾ ಅಂದರೆ ರಿಯಲ್ ಎಸ್ಟೇಟ್ ವ್ಯವಹಾರದ ನಿಯಂತ್ರಣಕ್ಕೆ ತಂದ ಕಾಯ್ದೆ, 2016ರದ್ದು. ಪೂರ್ತಿ ಜಾರಿಗೆ ಬಂದದ್ದು 2017ರ ಮೇ 1ಕ್ಕೆ. ಏಜೆಂಟರೂ ನೋಂದಾಯಿಸಿಕೊಳ್ಳಬೇಕು ಅಂತ ಅದರ 9ನೇ ಕಲಂ ಹೇಳುವುದು ನಿಜ. ನೋಂದಣಿ ಇಲ್ಲದೆ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ. ಮಾರಿಸಿದ ಸೊತ್ತಿನ ಬೆಲೆಯ ಶೇಕಡಾ 5ರವರೆಗೆ ಅದು ಏರಬಹುದು. ಆದರೆ ಇದೆಲ್ಲ ರೇರಾದಲ್ಲಿ ನೋಂದಣಿಯಾದ ಯೋಜನೆಯ ಪ್ಲಾಟು, ಫ್ಲಾಟು ಮಾರಿಸುವವರಿಗೆ. ನೀರ್ಚಾಲಿನ ನಿಮ್ಮ ತೋಟದ ಒಂದು ಭಾಗ, ಉಪ್ಪಳದವರ 15 ಸೆಂಟ್ಸ್, ಹಳೇ ಮನೆ, ಇವು ಯಾವುದೂ ಯೋಜನೆ ಅಲ್ಲ. ನಮ್ಮ ಜಿಲ್ಲೆಯ ಮಾಮೂಲಿ ವ್ಯವಹಾರ ಇಂಥದ್ದೇ. ಅಲ್ಲಿ ನಡುವೆ ನಿಂತವರಿಗೆ ರೇರಾ ನೋಂದಣಿ ಬೇಕಾಗಿಲ್ಲ. ಅವರ ಮೇಲೆ ಅಲ್ಲಿ ದೂರು ಕೊಡಲು ದಾರಿಯೂ ಇಲ್ಲ.

ಇನ್ನೊಂದು ಬದಿಯೂ ಇದೆ. ಜಾಗವನ್ನು ತುಂಡು ಮಾಡಿ ಹಂಚಿ ಮಾರಿದರೆ ಅದೂ ಯೋಜನೆಯೇ. ಜಾಗ 500 ಚದರ ಮೀಟರ್ ಮೀರಿದರೆ ನೋಂದಣಿ ಬೇಕು. 500 ಚದರ ಮೀಟರ್ ಅಂದರೆ ಹನ್ನೆರಡೂವರೆ ಸೆಂಟ್ಸಿಗೂ ಸ್ವಲ್ಪ ಕಡಿಮೆ. ಒಂದು ಎಕ್ರೆ ಗುಡ್ಡೆಗೆ ಜೆಸಿಬಿ ಹಾಕಿಸಿ, ಹತ್ತು ಸೆಂಟ್ಸಿನ ಪ್ಲಾಟು ಮಾಡಿ, ಪ್ಲೆಕ್ಸ್ ಹಾಕುವವರು ಎಷ್ಟು ಜನ ಇದ್ದಾರೆ ನೋಡಿ. ಅವರೂ ಅವರ ಏಜೆಂಟರೂ ಕಾಯ್ದೆಯ ಒಳಗೆ ಬರುತ್ತಾರೆ.

ಉಪ್ಪಳದವರೇ, ನಿಮ್ಮ ಎರಡನೇ ಸಂಕಟಕ್ಕೆ ಹಳೇ ಕಾಯ್ದೆಯಲ್ಲೇ ದಾರಿ ಇದೆ. 1872ರ ಕರಾರು ಕಾಯ್ದೆಯ 216ನೇ ಕಲಂ ನೋಡಿ. ಏಜೆಂಟ್ ತನ್ನನ್ನು ನೇಮಿಸಿದವರಿಗೆ ಹೇಳದೆ ಆ ವ್ಯವಹಾರದಲ್ಲಿ ತಾನೇ ಲಾಭ ಹೊಡೆದರೆ, ಆ ಲಾಭವನ್ನು ನೇಮಿಸಿದವರು ಕೇಳಿ ತೆಗೆದುಕೊಳ್ಳಬಹುದು. ತೊಂದರೆ ಏನು ಅಂದರೆ, ಇವರು ಯಾರ ಏಜೆಂಟ್ ಅಂತ ತೋರಿಸುವ ಒಂದು ಚೀಟಿಯೂ ನಮ್ಮ ಕಡೆ ಇರುವುದಿಲ್ಲ. ಎಲ್ಲ ಬಾಯಿಮಾತು. ಸಂಘ ಮೊದಲು ತರಬೇಕಾದದ್ದು ಈ ಚೀಟಿ.

ದಾರಿಯ ವಿಷಯ ಕಾಗದ ನೋಡದೆ ಹೇಳಲಾರೆ. ಆ ಎರಡು ಜಾಗ ಹಿಂದೆ ಒಬ್ಬರದೇ ಆಗಿತ್ತಾ ಅಂತ ಹುಡುಕಿ. ಹಾಗಿದ್ದು, ನಿಮಗೆ ಹೋಗಲು ಬೇರೆ ದಾರಿಯೇ ಇಲ್ಲ ಅಂತಾದರೆ ಈಸ್‌ಮೆಂಟ್ ಕಾಯ್ದೆಯಲ್ಲಿ, ಅಂದರೆ ಬೇರೆಯವರ ಜಾಗದಲ್ಲಿ ಹಾದುಹೋಗುವಂಥ ಹಕ್ಕಿನ ಕಾಯ್ದೆಯಲ್ಲಿ, ಹಕ್ಕು ಕೇಳಬಹುದು.

ಚೆರ್ಕಳ ಯುವ ಬ್ರೋಕರ್

ನಾನು ಈ ಕೆಲಸಕ್ಕೆ ಹೊಸಬ. ಆಫೀಸ್ ಇಲ್ಲ, ಫೋನೇ ಆಫೀಸು. ಸಂಘ ಅಂದ ಕೂಡಲೇ ನನ್ನಂಥವರಿಗೆ ಹೆದರಿಕೆ ಆಗುತ್ತದೆ. ಹಿರಿಯರು ಸೇರಿ "ಇವನು ನಿನ್ನೆ ಬಂದವನು, ಇವನಿಗೆ ಸದಸ್ಯತ್ವ ಬೇಡ" ಅಂದರೆ? ಸದಸ್ಯನಲ್ಲದವನ ಹತ್ತಿರ ವ್ಯವಹಾರ ಮಾಡಬೇಡಿ ಅಂತ ಜನರಿಗೆ ಹೇಳಿದರೆ? ನಮ್ಮ ಊರಿನಲ್ಲಿ ಜಾತಿ, ಮತ, ಪಕ್ಷ, ಭಾಷೆ ಎಲ್ಲದರ ಲೆಕ್ಕವೂ ನಡೆಯುತ್ತದೆ. ಇದಕ್ಕೆ ಏನು ಹೇಳುತ್ತೀರಿ?

ಕುಂಬಳೆ ಬಯಲು

ತಮ್ಮಾ, ಒಳ್ಳೇ ಪ್ರಶ್ನೆ ಕೇಳಿದೆ. ಅಮೆರಿಕದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದೇ ಭಾಗ.

ಮೇಲೆ ಹೇಳಿದ ಸಂಹಿತೆ ಇದೆಯಲ್ಲ, ಅದಕ್ಕೆ 1924ರಲ್ಲಿ ಒಂದು ನಿಯಮ ಸೇರಿಸಿದರು. ಯಾವ ಜನಾಂಗದವರು ಬಂದರೆ ಒಂದು ವಠಾರದ ಜಾಗದ ಬೆಲೆ ಇಳಿಯುತ್ತದೋ ಅಂಥವರನ್ನು ಸದಸ್ಯರು ಅಲ್ಲಿಗೆ ತರಬಾರದು ಅಂತ. ಅಂದರೆ ಕಪ್ಪು ಜನರಿಗೆ ಬಿಳಿಯರ ಕೇರಿಯಲ್ಲಿ ಮನೆ ತೋರಿಸಿದರೆ ಸಂಘದ ನೀತಿಯ ಪ್ರಕಾರ ಅದೇ ತಪ್ಪು! ಆ ಮಾತನ್ನು ಸಂಹಿತೆಯಿಂದ ತೆಗೆದದ್ದು 1950ರಲ್ಲಿ. ತೆಗೆದ ಮೇಲೂ ಪದ್ಧತಿ ನಿಲ್ಲಲಿಲ್ಲ. ಮನೆ ಮಾರುವಾಗ ಭೇದ ಮಾಡಬಾರದು ಅಂತ ಸರ್ಕಾರದ ಕಾನೂನು ಬರಲು 1968 ಆಯ್ತು. ಸಂಘ ತನ್ನ ಹಿಂದಿನ ನಡತೆಗೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2020ರಲ್ಲಿ.

ಹೊರಗೆ ಉಳಿದ ಕಪ್ಪು ಬ್ರೋಕರರು ಸುಮ್ಮನೆ ಕೂರಲಿಲ್ಲ. 1947ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ 12 ಮಂದಿ ಸೇರಿ ತಮ್ಮದೇ ಸಂಘ ಕಟ್ಟಿದರು. ಅದು ಈಗಲೂ ಇದೆ. ತಮ್ಮ ಕಮಿಷನ್ನಿನ ಜೊತೆಗೆ, ತಮ್ಮ ಜನರಿಗೆ ಮನೆ ಸಿಗಬೇಕು ಅಂತ ಅವರು ಹೋರಾಡಿದರು. ಸಂಘ ಅಂದರೆ ಹೀಗೆ ಇರಬೇಕು ಅಂತ ನನಗೆ ಓದುವಾಗ ಅನಿಸಿತು.

ಹಾಗಾಗಿ ನನ್ನ ಮಾತು ಸ್ಪಷ್ಟ. ಸದಸ್ಯತ್ವಕ್ಕೆ ಜಾತಿ, ಮತ, ಭಾಷೆ ಕೇಳಬಾರದು. ಹೊಸಬ ಅಂತ ಬಿಡಬಾರದು. ಕೇಳುವುದಾದರೆ ಒಂದೇ ವಿಷಯ ಕೇಳಬೇಕು: ನಿಯಮ ಒಪ್ಪುತ್ತೀಯಾ, ತಪ್ಪಿದರೆ ಹೊರಗೆ ಹೋಗಲು ತಯಾರಿದ್ದೀಯಾ?

ಕಮಿಷನ್ ಗಟ್ಟಿ ಮಾಡುವ ಮಾತಿಗೂ ಅಲ್ಲಿಯ ಕಥೆಯೇ ಉತ್ತರ. ಮಾರುವವರೇ ಕೊಳ್ಳುವವರ ಬ್ರೋಕರನಿಗೂ ಕಮಿಷನ್ ಕೊಡಬೇಕು ಅನ್ನುವ ಸಂಘದ ನಿಯಮದ ಮೇಲೆ ಮನೆ ಮಾರಿದವರು ಕೋರ್ಟಿಗೆ ಹೋದರು. 2024ರಲ್ಲಿ ಸಂಘ 41.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯ್ತು, ನಿಯಮವನ್ನೂ ಬದಲಿಸಬೇಕಾಯ್ತು. ನೂರು ವರ್ಷ ದಾಟಿದ ಸಂಘಕ್ಕೇ ಈ ಗತಿ.

ಹೊಸಂಗಡಿ ವಕೀಲೆ

ಇದಕ್ಕೆ ನಮ್ಮ ದೇಶದ ಕಾನೂನನ್ನೂ ಸೇರಿಸಿ. 2002ರ ಸ್ಪರ್ಧಾ ಕಾಯ್ದೆಯಲ್ಲಿ, ಒಂದೇ ಕೆಲಸದವರು ಸೇರಿ ದರ ನಿಗದಿ ಮಾಡುವುದು ತಪ್ಪು. ಸಂಘದ ಹೆಸರಿನಲ್ಲಿ ಮಾಡಿದರೂ ತಪ್ಪೇ. ಔಷಧ ವ್ಯಾಪಾರಿಗಳ ಸಂಘಗಳಿಗೆ ಇಂಥದ್ದಕ್ಕೆ ದಂಡ ಬಿದ್ದಿದೆ. ಹಾಗಾಗಿ "ಎಲ್ಲರೂ ಇಷ್ಟೇ ತೆಗೆದುಕೊಳ್ಳಬೇಕು" ಅಂತ ಬೈಲಾದಲ್ಲಿ ಬರೆಯಬೇಡಿ. "ಎಷ್ಟು ತೆಗೆದುಕೊಳ್ಳುತ್ತೇನೆ ಅಂತ ಮೊದಲೇ ಬರೆದು ಕೊಡಬೇಕು" ಅಂತ ಬರೆಯಿರಿ. ಇದರಲ್ಲಿ ಯಾವ ತೊಂದರೆಯೂ ಇಲ್ಲ.

ಪೆರ್ಲದ ದಸ್ತಾವೇಜು

ನಾನು ದಸ್ತಾವೇಜು ಬರೆಯುವವನು. ಲೈಸೆನ್ಸು ಇದೆ. ನಮ್ಮ ಕೆಲಸಕ್ಕೆ ಕೇರಳದಲ್ಲಿ 1960ರಿಂದಲೇ ಲೈಸೆನ್ಸಿನ ನಿಯಮ ಉಂಟು. ಬರೆಯುವ ಶುಲ್ಕಕ್ಕೆ ಸರ್ಕಾರವೇ ಮಿತಿ ಹಾಕಿದೆ. ತಪ್ಪು ಮಾಡಿದರೆ ಲೈಸೆನ್ಸು ಹೋಗುತ್ತದೆ ಅನ್ನುವ ಹೆದರಿಕೆ ನಮಗೆ ಇದೆ. ಜಾಗ ತೋರಿಸುವವರಿಗೆ ಆ ಹೆದರಿಕೆ ಇಲ್ಲ. ವ್ಯತ್ಯಾಸ ಇರುವುದು ಅಲ್ಲೇ. ಪಕ್ಷಗಾರರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರುವಾಗ ಮಾತುಕತೆ ಎಲ್ಲ ಮುಗಿದಿರುತ್ತದೆ, ಅಡ್ವಾನ್ಸ್ ಕೈ ಬದಲಾಗಿರುತ್ತದೆ. ನಾವು ಏನಾದರೂ ಲೋಪ ತೋರಿಸಿದರೆ "ನೀವು ಸುಮ್ನೆ ಬರೆಯಿರಿ, ವ್ಯವಹಾರ ಕೆಡಿಸಬೇಡಿ" ಅಂತ ಬ್ರೋಕರರೇ ಹೇಳುತ್ತಾರೆ.

ಒಂದು ಕಡತದ ವಿಷಯ ಹೇಳುತ್ತೇನೆ, ಊರು ಹೇಳುವುದಿಲ್ಲ. ಪೈವಳಿಕೆ, ಬಾಯಾರು ಕಡೆಯ ತೋಟಗಳಿಗೆ ಸುರಂಗದ ನೀರು (ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ತರುವ ನೀರು) ಎಷ್ಟು ಮುಖ್ಯ ಅಂತ ನಿಮಗೆ ಗೊತ್ತು. ಆ ತೋಟದ ಹಳೇ ಕನ್ನಡ ಪಾಲುಪಟ್ಟಿಯಲ್ಲಿ ಒಂದು ಸಾಲು ಇತ್ತು. ಮೇಲಿನ ಗುಡ್ಡೆಯ ಸುರಂಗದ ನೀರನ್ನು ಅಣ್ಣನ ಪಾಲಿನವರು ಹಗಲಿಗೆ, ತಮ್ಮನ ಪಾಲಿನವರು ರಾತ್ರಿಗೆ ತಿರುಗಿಸಿಕೊಳ್ಳತಕ್ಕದ್ದು ಅಂತ. ಕಾಗದ ಮಡಚಿದ ಗೆರೆಯ ಮೇಲೇ ಆ ಸಾಲು ಬಂದಿತ್ತು. ಶಾಯಿ ಮಾಸಿ ಕಂದು ಬಣ್ಣ ಆಗಿತ್ತು. ಆಮೇಲೆ ಬರೆದ ಮಲಯಾಳ ದಸ್ತಾವೇಜಿನಲ್ಲಿ ಆ ಸಾಲೇ ಇಲ್ಲ. ತೋಟ, ಬಾವಿ, ಮನೆ, ಎಲ್ಲ ಇದೆ. ನೀರಿನ ಹಕ್ಕು ಬಿಟ್ಟುಹೋಗಿದೆ. ಕೊಳ್ಳಲು ಬಂದವರಿಗೆ ಹಳೇ ಕಾಗದ ತೋರಿಸಿದ್ದರಿಂದ ಹೊಸ ದಸ್ತಾವೇಜಿನಲ್ಲಿ ಮತ್ತೆ ಸೇರಿಸಿದೆವು. ತೋರಿಸದಿದ್ದರೆ ಅಡಿಕೆ ಮರ ಒಣಗಿದ ಮೇಲೆ ಗೊತ್ತಾಗುತ್ತಿತ್ತು.

ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಮನೆಗಳ ಜಾಗವೂ ಹಾಗೆಯೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ಕವರು ಕವರಾಗಿ (ಕುಟುಂಬದ ಒಂದೊಂದು ಕವಲಾಗಿ) ಪಾಲು ಆದವು. ಕೇರಳ ಸರ್ಕಾರ ಕೂಡುಕುಟುಂಬ ಪದ್ಧತಿಯನ್ನೇ ತೆಗೆದುಹಾಕಿದ ಕಾಯ್ದೆ 1975ರದ್ದು, ಜಾರಿಯಾದದ್ದು 1976ರ ಡಿಸೆಂಬರ್ 1ಕ್ಕೆ. ಆ ದಿನಕ್ಕೆ ಯಾರು ಯಾರು ಇದ್ದರು, ಯಾರಿಗೆ ಎಷ್ಟು ಪಾಲು, ಅಂತ ನೋಡದೆ ಒಬ್ಬ ಯಜಮಾನರ ಸಹಿ ಹಾಕಿಸಿ ಮಾರಿದರೆ, ಮುಂದೆ ಬೊಂಬಾಯಿಯಲ್ಲಿರುವ ಸೋದರಳಿಯನೋ ಸೋದರ ಸೊಸೆಯೋ ಬಂದು ಪಾಲು ಕೇಳುತ್ತಾರೆ. ಕೇಳುವ ಹಕ್ಕು ಅವರಿಗೆ ಇದೆ ಕೂಡ.

ನೀರ್ಚಾಲಿನವರೇ, ಅಜ್ಜನ ಕಾಗದ ಯಾವುದನ್ನೂ ಬಿಸಾಡಬೇಡಿ. ಮಾರಾಟ ನಿಲ್ಲಿಸಿದ್ದು ಒಳ್ಳೆಯದಾಯ್ತು.

ಉಪ್ಪಳ ಶಾರ್ಜಾ

ಈಗ ಎಲ್ಲ ಆನ್‌ಲೈನ್ ಆಗಿದೆಯಲ್ಲ? ಕೇರಳ ಸರ್ಕಾರದ ಜಾಗದ ದಾಖಲೆಯ ಎಂಟೆ ಭೂಮಿ ಪೋರ್ಟಲ್ ಮೊದಲು ಬಂದದ್ದೇ ನಮ್ಮ ಮಂಜೇಶ್ವರ ತಾಲೂಕಿನ ಉಜಾರುಳುವಾರಿಗೆ, 2024ರಲ್ಲಿ. ಅದರಲ್ಲೇ ನೋಡಿದರೆ ಸಾಲದಾ?

ಪೆರ್ಲದ ದಸ್ತಾವೇಜು

ತುಂಬ ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ನೋಂದಣಿ, ರೆವಿನ್ಯೂ, ಸರ್ವೆ ಮೂರರ ದಾಖಲೆ ಒಂದೇ ಕಡೆ ಸಿಗುವುದು ದೊಡ್ಡ ಸಂಗತಿ. ಗಡಿಯ ಜಗಳ ಕಡಿಮೆ ಆಗುತ್ತದೆ. ಆದರೆ ಸುರಂಗದ ನೀರು ಹಗಲು ಯಾರಿಗೆ, ರಾತ್ರಿ ಯಾರಿಗೆ ಅಂತ ಸರ್ವೆಯ ನಕ್ಷೆ ಹೇಳುವುದಿಲ್ಲ. ಹಳೇ ಕಾಗದ ಓದುವವರು ಬೇಕೇ ಬೇಕು.

ಚೆರ್ಕಳ ಯುವ ಬ್ರೋಕರ್

ದಸ್ತಾವೇಜು ಮಾವ, ನಿಮ್ಮ ಮಾತು ಓದಿದ ಮೇಲೆ ನಾನು ಹಳೇ ಕನ್ನಡ ಕಾಗದ ಓದಲು ಕಲಿಯಬೇಕು ಅಂತ ತೀರ್ಮಾನ ಮಾಡಿದೆ. ಮುಡಿ ಲೆಕ್ಕದ ಗದ್ದೆ, ಚೆಕ್ಕುಬಂದಿ, ಇದೆಲ್ಲ ನನಗೆ ಅರ್ಥವೇ ಆಗುವುದಿಲ್ಲ. ಸಂಘದಲ್ಲಿ ಇದನ್ನು ಕಲಿಸುವುದಾದರೆ ನನ್ನ ವಯಸ್ಸಿನವರು ಖಂಡಿತ ಬರುತ್ತಾರೆ.

ಗದ್ದೆಯ ವಿಷಯವನ್ನೂ ಹೇಳಿಕೊಡಿ. ಬಯಲು ಜಾಗ ತೋರಿಸಿ "ಮನೆ ಕಟ್ಟಬಹುದು" ಅಂತ ಹೇಳಿ ಮಾರಿಸುವವರು ತುಂಬ ಇದ್ದಾರೆ.

ಹೊಸಂಗಡಿ ವಕೀಲೆ

ಕೇರಳದ ಗದ್ದೆ ಸಂರಕ್ಷಣೆ ಕಾಯ್ದೆ 2008ರದ್ದು. ಜಾಗ ಡೇಟಾ ಬ್ಯಾಂಕಿನಲ್ಲಿ, ಅಂದರೆ ಸಂರಕ್ಷಿತ ಗದ್ದೆಗಳ ಪಟ್ಟಿಯಲ್ಲಿ, ಇದೆಯಾ ಅಂತ ಮೊದಲು ಕೃಷಿ ಭವನದಲ್ಲಿ ನೋಡಬೇಕು. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5. ಡೇಟಾ ಬ್ಯಾಂಕಿನಲ್ಲಿ ಇಲ್ಲ, ಆದರೆ ರೆವಿನ್ಯೂ ದಾಖಲೆಯಲ್ಲಿ ಇನ್ನೂ ಗದ್ದೆ ಅಂತಲೇ ಇದೆ ಅಂದರೆ ಬದಲಾಯಿಸಲು ಫಾರಂ 6, ಜಾಗ 50 ಸೆಂಟ್ಸ್ ಮೀರಿದರೆ ಫಾರಂ 7. 25 ಸೆಂಟ್ಸಿನ ಒಳಗಿನ ಜಾಗಕ್ಕೆ ಶುಲ್ಕವಿಲ್ಲದೆ ಆಗುವ ಅವಕಾಶ ಇದೆ. ಮೇಲೆ ಹೋದರೆ ಫೇರ್ ವ್ಯಾಲ್ಯೂವಿನ (ಸರ್ಕಾರ ಜಾಗಕ್ಕೆ ಗೊತ್ತುಮಾಡಿದ ಬೆಲೆಯ) ಶೇಕಡಾ 10, ಒಂದು ಎಕ್ರೆ ದಾಟಿದರೆ ಇನ್ನೂ ಜಾಸ್ತಿ. ಇದನ್ನು ಕೊಳ್ಳುವವರಿಗೆ ಅಡ್ವಾನ್ಸ್ ಕೊಡುವ ಮೊದಲೇ ಹೇಳಬೇಕು. ಮೊದಲೇ ಶೇಕಡಾ 8 ಮುದ್ರಾಂಕ, ಶೇಕಡಾ 2 ನೋಂದಣಿ ಶುಲ್ಕ ಕಟ್ಟಿ ಸುಸ್ತಾದವರ ಮೇಲೆ ಈ ಖರ್ಚೂ ಬಂದು ಬಿದ್ದರೆ ಮನೆ ಕಟ್ಟಲು ಏನು ಉಳಿಯುತ್ತದೆ?

ಅಡ್ವಾನ್ಸಿನ ಬಗ್ಗೆಯೂ ಒಂದು ಮಾತು. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. 2015ರಿಂದ ಇದು ಇದೆ. ವರ್ಷಕ್ಕೆ 20 ಲಕ್ಷಕ್ಕೆ ಮೇಲೆ ವಹಿವಾಟು ಇರುವ ಏಜೆಂಟರನ್ನು 2020ರ ಕೊನೆಗೆ ಕಪ್ಪುಹಣ ತಡೆ ಕಾಯ್ದೆಯ ಒಳಗೂ ತಂದಿದ್ದಾರೆ. ಗಿರಾಕಿಯ ಗುರುತು, ದಾಖಲೆ ಇಟ್ಟುಕೊಳ್ಳುವುದು ಅವರ ಕರ್ತವ್ಯ. ನಮ್ಮ ಕಡೆಯ ಎಷ್ಟು ಮಂದಿಗೆ ಇದು ಗೊತ್ತಿದೆ? ಸಂಘ ಇದ್ದರೆ ಹೇಳಲು ಒಂದು ಜಾಗ ಇರುತ್ತದೆ.

ಮುಳ್ಳೇರಿಯ ಮಾಷ್ಟ್ರು

ಇಂಡಿಯಾದಲ್ಲೇ ಬ್ರೋಕರರ ದೊಡ್ಡ ಸಂಘ ಇಲ್ವಾ? ಅದಕ್ಕೆ ಸೇರಿದರೆ ಸಾಲದಾ?

ಕುಂಬಳೆ ಬಯಲು

ಇದೆ ಮಾಷ್ಟ್ರೇ. ಕಟ್ಟಡ ಕಟ್ಟಿಸಿ ಮಾರುವವರ ಕ್ರೆಡಾಯ್ 1999ರದ್ದು. ಅದು ಬಿಲ್ಡರ್‌ಗಳ ಸಂಘ, ನಮ್ಮಂಥವರದ್ದಲ್ಲ. ಏಜೆಂಟರದ್ದು ನಾರ್ ಇಂಡಿಯಾ, 2008ರಲ್ಲಿ ಹುಟ್ಟಿದ್ದು. ಬೇರೆ ಬೇರೆ ನಗರಗಳ ಸಂಘಗಳನ್ನು ಅದು ಒಟ್ಟು ಸೇರಿಸುತ್ತದೆ. ಮುಂದೆ ನಾವೂ ಅದಕ್ಕೆ ಸೇರಬಹುದು, ತಪ್ಪೇನೂ ಇಲ್ಲ. ಆದರೆ ದೊಡ್ಡ ನಗರದ ಫ್ಲಾಟು ವ್ಯವಹಾರದ ನಿಯಮದಲ್ಲಿ ಕುಮ್ಕಿ ಇರುವುದಿಲ್ಲ, ಮೂಲಗೇಣಿ ಇರುವುದಿಲ್ಲ. ಅಮೆರಿಕದಲ್ಲೂ ಊರಿನ ಮಂಡಳಿ ಮೊದಲು ಬಂತು, ದೇಶದ ಸಂಘ ಆಮೇಲೆ ಬಂತು. ನಾವೂ ಹಾಗೆಯೇ ಮಾಡೋಣ.

ಉಪ್ಪಳ ಶಾರ್ಜಾ

ಇಷ್ಟು ಓದಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಆದರೂ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ದೂರು ಕೇಳುವವರು ಬರೀ ಬ್ರೋಕರರೇ ಆಗಿದ್ದರೆ ನನ್ನಂಥವನು ಬರುವುದಿಲ್ಲ. ದೂರು ಸಮಿತಿಯಲ್ಲಿ ಹೊರಗಿನವರು ಇರಬೇಕು. ವಕೀಲರು, ದಸ್ತಾವೇಜು ಬರೆಯುವವರು, ಜಾಗ ಕೊಂಡ ಮಾಮೂಲಿ ಜನ. ಒಬ್ಬರಾದರೂ ಹೆಂಗಸರು ಇರಲಿ. ಗಂಡ ಗಲ್ಫಿನಲ್ಲಿದ್ದು ಇಲ್ಲಿ ಜಾಗದ ಓಡಾಟವನ್ನೆಲ್ಲ ಮಾಡುವುದು ಅವರೇ. ಅವರನ್ನು ಮೋಸ ಮಾಡುವುದು ಸುಲಭ ಅಂತ ಕೆಲವರು ತಿಳಿದಿದ್ದಾರೆ.

ಕುಂಬಳೆ ಬಯಲು

ಒಪ್ಪಿದೆ. ನೀವು ಹೇಳಿದ್ದನ್ನು ಹಾಗೆಯೇ ಬೈಲಾಕ್ಕೆ ಸೇರಿಸುತ್ತೇನೆ. ದೂರು ಸಮಿತಿಯಲ್ಲಿ ಬ್ರೋಕರರಿಗಿಂತ ಹೊರಗಿನವರೇ ಜಾಸ್ತಿ ಇರಲಿ. ದೂರು ಸಾಬೀತಾದರೆ ಕಮಿಷನ್ ವಾಪಸ್ ಕೊಡಬೇಕು. ಕೊಡದವನ ಹೆಸರು ಸದಸ್ಯರ ಪಟ್ಟಿಯಿಂದ ತೆಗೆಯಬೇಕು. ಸದಸ್ಯರ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಇರಬೇಕು.

ವಕೀಲೆ ಅಕ್ಕ ಹೇಳಿದ ಚೀಟಿಯ ಬಗ್ಗೆ ನನ್ನ ಯೋಚನೆ ಹೀಗೆ. ಜಾಗ ತೋರಿಸುವ ಮೊದಲೇ ಒಂದು ಹಾಳೆ ತುಂಬಿಸಿ ಕೊಡಬೇಕು. ನಾನು ಯಾರ ಕಡೆಯವನು, ಎಷ್ಟು ಕಮಿಷನ್, ಮಾರುವವರು ಹೇಳಿದ ಬೆಲೆ ಎಷ್ಟು. ಪಟ್ಟೆ ಎಷ್ಟು, ಕುಮ್ಕಿ ಎಷ್ಟು, ಬೇರೆ ಬೇರೆ. ದಾರಿ ಯಾರ ಜಾಗದಲ್ಲಿದೆ, ದಸ್ತಾವೇಜಿನಲ್ಲಿ ಬರೆದಿದೆಯಾ. ನೀರು ಎಲ್ಲಿಂದ. ಗದ್ದೆಯಾದರೆ ಡೇಟಾ ಬ್ಯಾಂಕಿನಲ್ಲಿ ಇದೆಯಾ. ಹಳೇ ಕಾಗದ ಯಾವುದೆಲ್ಲ ನೋಡಿದ್ದೇನೆ. ಕೆಳಗೆ ಸಹಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ.

ಇನ್ನೊಂದು ಕೆಟ್ಟ ಪದ್ಧತಿಯನ್ನೂ ನಿಲ್ಲಿಸಬೇಕು. ಚೂರು ಅಡ್ವಾನ್ಸ್ ಕೊಟ್ಟು ತನ್ನ ಹೆಸರಿಗೆ ಎಗ್ರಿಮೆಂಟ್ ಮಾಡಿಕೊಳ್ಳುವುದು, ಆಮೇಲೆ ಹೆಚ್ಚು ಬೆಲೆಗೆ ಬೇರೆಯವರಿಗೆ ದಾಟಿಸುವುದು. ವ್ಯಾಪಾರ ಮಾಡುವವನು ವ್ಯಾಪಾರಿ ಅಂತ ಹೇಳಿಯೇ ಮಾಡಲಿ. ಬ್ರೋಕರ್ ಅಂತ ನಂಬಿಸಿ ಮಾಡಬಾರದು. ಈ ಮಾತಿಗೆ ನನ್ನ ಜೊತೆಯವರೇ ಕೆಲವರು ಸಿಟ್ಟಾಗುತ್ತಾರೆ ಅಂತ ಗೊತ್ತು. ಆದರೂ ಇದು ಬೇಕು.

ಹೊಸಂಗಡಿ ವಕೀಲೆ

ನೋಂದಣಿಯ ಬಗ್ಗೆ: ತಿರುವಾಂಕೂರು, ಕೊಚ್ಚಿ ಕಡೆಯ ಸಂಘಗಳಿಗೆ 1955ರ ಕಾಯ್ದೆ ಇದೆ. ನಾವು ಮಲಬಾರಿನ ಭಾಗಕ್ಕೆ ಸೇರಿದವರಾದ್ದರಿಂದ ನಮಗೆ 1860ರ ಸೊಸೈಟಿ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಕಡಿಮೆ ಅಂದರೆ ಏಳು ಮಂದಿ ಬೇಕು. ಜನರಿಗೆ ತಿಳಿವಳಿಕೆ ಕೊಡುವುದು, ಹಳೇ ದಾಖಲೆ ಓದಲು ಕಲಿಸುವುದು, ದೂರು ಕೇಳುವುದು, ಇದನ್ನೆಲ್ಲ ಉದ್ದೇಶದಲ್ಲಿ ಬರೆಯಿರಿ. ಕರಡು ಕಳಿಸಿದರೆ ನೋಡಿ ಕೊಡುತ್ತೇನೆ, ಫೀಸು ಬೇಡ.

ಪೆರ್ಲದ ದಸ್ತಾವೇಜು

ಹಾಳೆಯಲ್ಲಿ ಕುಟುಂಬದ ವಿಷಯಕ್ಕೂ ಒಂದು ಕಾಲಂ ಇಡಿ. ಅಳಿಯಸಂತಾನವೋ, ಮಕ್ಕಳ ಸಂತಾನವೋ, ಪಾಲು ಆಗಿದೆಯೋ ಇಲ್ಲವೋ. ಹಳೇ ಕಾಗದ ಓದುವುದನ್ನು ನಾನು ಕಲಿಸುತ್ತೇನೆ. ಭಾನುವಾರ ಆದರೆ ನನಗೆ ಅನುಕೂಲ. ಚೆರ್ಕಳದ ತಮ್ಮ, ಬರುವವರ ಹೆಸರು ಬರೆದಿಡು.

ಅಡಿಕೆ ತೋಟ ನೀರ್ಚಾಲು

ಓದಲು ಕಾಗದ ಬೇಕಾದರೆ ನಮ್ಮ ಮನೆಯದ್ದನ್ನು ತರುತ್ತೇನೆ. ಜೆರಾಕ್ಸ್ ತೆಗೆದು ಕೊಡುತ್ತೇನೆ, ಅಸಲು ಮಾತ್ರ ಕೈಬಿಡುವುದಿಲ್ಲ.

ಕುಂಬಳೆ ಬಯಲು

ಬನ್ನಿ ಅಣ್ಣ. ಕರಡು ಬರೆಯಲು ಕೂತಿದ್ದೇನೆ. ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ. ಮಾರುವವರು, ಕೊಳ್ಳುವವರು ಮೊದಲು ಓದಿ ಹೇಳಿ. ಬ್ರೋಕರರ ಸಹಿ ಅದರ ನಂತರ ತೆಗೆದುಕೊಳ್ಳೋಣ.